ಕಸೂತಿ: ನಾಲ್ಕು ಹೊಲಿಗೆ, ನಾಲ್ಕು ಪದ

ಭಾಷೆಯ ಪದಸಂಪತ್ತು ಕಾವ್ಯ, ಶಾಸನಗಳಲ್ಲಿ ಮಾತ್ರವಲ್ಲದೆ ಮನೆಯೊಳಗಿನ ಕೈಗೆಲಸದಲ್ಲಿಯೂ ಉಳಿದುಬರುತ್ತದೆ. ಧಾರವಾಡ ಸೀಮೆಯ ಕಸೂತಿ ಇದಕ್ಕೆ ಒಳ್ಳೆಯ ನಿದರ್ಶನ. ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿನ ಕುಲಾವಿಗಳ ಮೇಲೆ ಹೆಣ್ಣುಮಕ್ಕಳು ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ, ತೊಟ್ಟಿಲುಗಳನ್ನು ಸೂಜಿಯಿಂದ ಮೂಡಿಸಿದರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಹೊಲಿಯುವುದು ಇದರ ಕ್ರಮ.

‘ಕಸೂತಿ’ಯನ್ನು ‘ಕೈ’ ಮತ್ತು ‘ಸೂತಿ’ (ನೂಲು) ಎಂದು ಬಿಡಿಸುವುದು ವಾಡಿಕೆ. ಪಾರಸಿ ಮೂಲದ ‘ಕಶೀದಾ’ ಎಂಬ ಪದಕ್ಕೂ ಇದೇ ಅರ್ಥವಿದೆ. ಆದುದರಿಂದ ಧ್ವನಿಸಾಮ್ಯವೊಂದನ್ನೇ ನಂಬಿ ವ್ಯುತ್ಪತ್ತಿಯನ್ನು ತೀರ್ಮಾನಿಸಲಾಗದು. ಹೊಲಿಗೆಗಳ ಹೆಸರುಗಳಾದರೋ ಮನೆಮಾತಿನಿಂದಲೇ ಬಂದಂತಿವೆ.

1. ಗಾವಂತಿ: ‘ಗಂಟು’ ಎಂಬುದರೊಡನೆ ಈ ಹೆಸರನ್ನು ಸಂಬಂಧಿಸುತ್ತಾರೆ. ಸೂಜಿ ಒಂದು ಹೊಲಿಗೆ, ಒಂದು ತೆರಪು ಎಂದು ಮುಂದೆ ಸಾಗಿ, ಹಿಂದಿರುಗುವಾಗ ತೆರಪುಗಳನ್ನು ತುಂಬುತ್ತದೆ. ಬಟ್ಟೆಯ ಎರಡು ಮುಖಗಳೂ ಒಂದೇ ತೆರನಾಗಿ ಕಾಣುತ್ತವೆ.
2. ಮುರಗಿ: ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಹೊಲಿಗೆ. ಬಾಗು, ತಿರುಗು ಎಂಬರ್ಥದ ಹಳಗನ್ನಡದ ‘ಮುರಿ’ಯನ್ನು ಇದು ನೆನಪಿಸುತ್ತದೆ. ಇದರಲ್ಲಿಯೂ ಎರಡು ಮುಖ ಸಮಾನ.
3. ನೇಗಿ: ‘ನೇಯ್ಗೆ’ಯಿಂದ ಬಂದುದು. ಉದ್ದ, ಗಿಡ್ಡ ಹೊಲಿಗೆಗಳು ಸೇರಿ ಮಗ್ಗದಲ್ಲಿಯೇ ನೇಯ್ದಂತೆ ತೋರುತ್ತವೆ.
4. ಮೆಂತಿ: ಮೆಂತ್ಯದ ಕಾಳು ಚೆಲ್ಲಿದಂತೆ ಕಾಣುವ ಕತ್ತರಿಹೊಲಿಗೆ, ಚಿತ್ರದ ಒಡಲನ್ನು ತುಂಬಲು ಬಳಕೆ.

ಎರಡು ಮುಖವೂ ಸಮನಾಗಿರುವ ಕೆಲಸ ಕನ್ನಡನಾಡಿಗಷ್ಟೇ ಸೀಮಿತವಲ್ಲ. ಆಟೊಮನ್ ತುರ್ಕಿಯ ಮನೆಗಳಲ್ಲಿ ಕೈವಸ್ತ್ರ, ಅಂಗವಸ್ತ್ರ, ಗಂಟು ಕಟ್ಟುವ ಚೌಕ ಬಟ್ಟೆಗಳ ಮೇಲೆ ರೇಷ್ಮೆ ಮತ್ತು ಜರಿಯ ಎಳೆಗಳಿಂದ ಹೂಬಳ್ಳಿಗಳನ್ನು ಹೊಲಿಯುತ್ತಿದ್ದರು. ಮದುವೆಯ ಹೆಣ್ಣು ಅವನ್ನು ತವರಿನಿಂದ ಒಯ್ಯುತ್ತಿದ್ದಳು. ಅಲ್ಲಿಯೂ ಹಿಂದುಮುಂದಿಲ್ಲದ ಹೊಲಿಗೆಗೆ ಹೆಚ್ಚಿನ ಮನ್ನಣೆಯಿತ್ತು. ಇಷ್ಟರಿಂದಲೇ ಒಬ್ಬರಿಂದ ಒಬ್ಬರು ಕಲಿತರೆಂದು ಹೇಳಲಾಗದು. ಹಾರುವ ಸೆರಗಿಗೂ ತೂಗುಹಾಕಿದ ಕೈವಸ್ತ್ರಕ್ಕೂ ಎರಡು ಮುಖಗಳುಂಟು. ಸಮಾನವಾದ ಅಗತ್ಯ ಸಮಾನವಾದ ಜಾಣ್ಮೆಯನ್ನು ಹುಟ್ಟಿಸಬಲ್ಲದು.

ಇಂದು ಯಂತ್ರ ಈ ಚಿತ್ರಗಳನ್ನು ಬೇಗನೆ ಹೊಲಿಯುತ್ತದೆ. ಆದರೆ ಬಟ್ಟೆಯನ್ನು ತಿರುವಿ ನೋಡಿದರೆ ಅಡಿನೂಲಿನ ಗೋಜಲು ಕಾಣುತ್ತದೆ. ಚಿತ್ರ ಉಳಿದರೂ ಹೋಗಿಬರುವ ಸೂಜಿಯ ನಡೆ ಇಲ್ಲವಾಗುತ್ತದೆ; ನಡೆ ಇಲ್ಲವಾದಲ್ಲಿ ‘ಗಾವಂತಿ’ ಎಂಬ ಪದಕ್ಕೆ ನೆಲೆಯಿರದು. 12ನೆಯ ಶತಮಾನದ ಸೂಜಿಕಾಯಕದ ರಾಮಿತಂದೆಯ ಹೆಸರು ವಚನದಿಂದಾಗಿ ಉಳಿಯಿತು. ಕಸೂತಿ ಹಾಕಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಹೆಸರು ಉಳಿಯಲಿಲ್ಲ. ಅವರು ಬಿಟ್ಟುಹೋದುದು ಹೊಲಿಗೆಯ ಹೆಸರುಗಳನ್ನು.

ಗಡಿನಾಡಿನ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಪಣಕಹಳ್ಳಿಯಂತಹ ಊರುಗಳ ಕನ್ನಡ, ಧಾರವಾಡದ ಕನ್ನಡಕ್ಕಿಂತ ಭಿನ್ನ. ಹಳೆಯ ಸೀರೆಗೆ ತೇಪೆ ಹಾಕುವುದಕ್ಕೆ, ಅಂಚು ಮಡಿಸಿ ಹೊಲಿಯುವುದಕ್ಕೆ, ಹರಕು ಬಟ್ಟೆಗಳನ್ನು ಕೂಡಿಸಿ ಹೊದಿಕೆ ಮಾಡುವುದಕ್ಕೆ ಅಲ್ಲಿಯ ಹಿರಿಯ ಹೆಂಗಸರು ಬಳಸುವ ಮಾತುಗಳನ್ನು ಕೇಳಿ ಬರೆದುಕೊಳ್ಳಬಹುದು. ಪದದೊಡನೆ ಹೊಲಿಗೆಯ ಕ್ರಮವನ್ನೂ ಗುರುತಿಸಬೇಕು; ಕ್ರಮವನ್ನು ಬಿಟ್ಟ ಪದಪಟ್ಟಿ ಅರ್ಧ ಸಂಗ್ರಹವಷ್ಟೆ.

ಅಭ್ಯಾಸ: ಕಸೂತಿಯ ನಾಲ್ಕು ಹೆಸರುಗಳಲ್ಲಿ ಯಾವುದು ಕ್ರಿಯೆಯನ್ನು, ಯಾವುದು ಹೋಲಿಕೆಯನ್ನು ಆಧರಿಸಿದೆ ಎಂಬುದನ್ನು ವಿವೇಚಿಸಿ.