ಮರೆಯೂ ಬೇಕು, ಬೆಳಕೂ ಬೇಕು: ಎಂಟನೆಯ ತರಗತಿಯಲ್ಲಿ ಒಂದು ಪಾಠ

ಡಿಸೆಂಬರ್ ತಿಂಗಳ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮೈಸೂರಿನ ಒಂದು ಪ್ರೌಢಶಾಲೆ, ಎಂಟನೆಯ ತರಗತಿಯ ‘ಬೆಳಕು’ ಘಟಕ. ಕನ್ನಡಿಯನ್ನೇ ಹಿಡಿದು ಪ್ರತಿಫಲನ ಹೇಳುವುದು ಹಳತಾಯಿತು ಅನ್ನಿಸಿ, ನಮ್ಮ ಕಾಲೇಜಿನ ಸೆಮಿನಾರ್ ಹಾಲಿನ ಕಿಟಕಿಗಳಿಗಿರುವ ಅಡ್ಡಪಟ್ಟಿಗಳ ಬ್ಲೈಂಡನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಪಟ್ಟಿ ತಿರುಗಿಸಿದಂತೆ ಬೆಳಕಿನ ದಾರಿ ಬದಲಾಗುವುದನ್ನು ತೋರಿಸಬಹುದು ಎಂಬುದು ನನ್ನ ಲೆಕ್ಕ. ಚಾರ್ಟ್ ಬರೆದೆ, ಪಾಠ ಯೋಜನೆಗೆ ಸಹಿಯೂ ಆಯಿತು.

ತರಗತಿಯಲ್ಲಿ ಚಾರ್ಟ್ ಬಿಡಿಸಿ “ಇದೇನು ಹೇಳಿ?” ಎಂದೆ. “ಲಾರಿ ಮುಂದಿನ ಜಾಲರಿ ಮಿಸ್” ಎಂದ ಒಬ್ಬ. “ಅಂಗಡಿ ಷಟರ್” ಎಂದಳು ಇನ್ನೊಬ್ಬಳು. ಮೂವತ್ತೆಂಟು ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಅಂಥದ್ದು ಇರಲಿಲ್ಲ. ಪೀಠಿಕೆ ಅಲ್ಲೇ ಕುಸಿಯಿತು.

ಅದನ್ನು ಎತ್ತಿ ನಿಲ್ಲಿಸುವ ಆತುರದಲ್ಲಿ ದೊಡ್ಡ ತಪ್ಪೊಂದನ್ನು ಮಾಡಿದೆ. “ನಿಮ್ಮ ಮನೆ ಕಿಟಕಿಗೆ ಏನು ಹಾಕಿದ್ದೀರಿ? ಹಗಲಲ್ಲೂ ಕಿಟಕಿ ತೆಗೆಯದವರು ಯಾರು?” ಎಂದು ಎಲ್ಲರೆದುರು ಕೇಳಿದೆ. ಹಳೆ ಸೀರೆ, ಬಿದಿರಿನ ಚಾಪೆ, ರಟ್ಟು ಎಂದೆಲ್ಲ ಉತ್ತರ ಬಂತು. ಕಿಟಕಿ ತೆಗೆಯುವುದೇ ಇಲ್ಲ ಎಂದು ಒಬ್ಬ ಹುಡುಗಿ ಮೆಲ್ಲಗೆ ಕೈ ಎತ್ತಿದಳು. ಕಾರಣ ಅವಳು ಹೇಳುವ ಮೊದಲೇ ಹಿಂದಿನಿಂದ ಒಬ್ಬ, “ಅವರ ಮನೆ ಎದುರೇ ಬಾರ್ ಇದೆ ಮಿಸ್” ಎಂದುಬಿಟ್ಟ. ತರಗತಿ ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕೂತಳು. ಮನೆಯ ಮರೆಯ ಬಗ್ಗೆ ಪಾಠ ಮಾಡಲು ಹೋದ ನಾನೇ ಅವಳ ಮರೆಯನ್ನು ಕಿತ್ತಿದ್ದೆ. ವೀಕ್ಷಣಾ ಪುಸ್ತಕದಲ್ಲಿ ನಮ್ಮ ಮಾರ್ಗದರ್ಶಕರು ಸಮಯ ಪಾಲನೆಯ ಬಗ್ಗೆ ಬರೆದಿದ್ದರು, ಇದರ ಬಗ್ಗೆ ಏನೂ ಬರೆದಿರಲಿಲ್ಲ. ನನಗೆ ಮಾತ್ರ ರಾತ್ರಿಯೆಲ್ಲ ಅದೇ ಯೋಚನೆ.

ಮರುದಿನ ಪ್ರಶ್ನೆಯನ್ನು ಬಾಯಲ್ಲಿ ಕೇಳಲಿಲ್ಲ. ಹೆಸರು ಬರೆಯದೆ ಚೀಟಿಯಲ್ಲಿ ಉತ್ತರಿಸಲು ಹೇಳಿದೆ. ಹನ್ನೊಂದು ಚೀಟಿಗಳಲ್ಲಿ ಒಂದೇ ಮಾತು: ರಸ್ತೆಯವರು ನೋಡುತ್ತಾರೆಂದು ಕಿಟಕಿ ಮುಚ್ಚಿರುತ್ತದೆ, ಹಗಲಲ್ಲೂ ಲೈಟ್ ಹಾಕಿ ಓದುತ್ತೇವೆ. ಆ ಹುಡುಗಿ ಒಬ್ಬಳೇ ಅಲ್ಲ ಎಂದು ತರಗತಿಗೆ ಗೊತ್ತಾಯಿತು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಮಾದರಿ ಮಾಡಿದ್ದು ಹೀಗೆ. ಚಪ್ಪಲಿ ಡಬ್ಬದ ಒಂದು ಬದಿ ಕತ್ತರಿಸಿ ಕಿಟಕಿ ಮಾಡಿದೆವು. ಹಳೆಯ ಲಗ್ನಪತ್ರಿಕೆಗಳಿಂದ 5 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, 4 ಸೆಂ.ಮೀ. ಅಂತರಕ್ಕೊಂದರಂತೆ ದಾರದಲ್ಲಿ ಕಟ್ಟಿದೆವು. ಒಳಗೆ ಒಂದು ಬೆಂಕಿಪೊಟ್ಟಣ, ಅದೇ ಮನೆಯ ಮಂದಿ. ಒಬ್ಬರು ಬೀದಿಯವರಾಗಿ ಕಿಟಕಿಯ ಮಟ್ಟದಲ್ಲೇ ಕಣ್ಣಿಟ್ಟು ನೋಡಬೇಕು, ಇನ್ನೊಬ್ಬರು ಸೂರ್ಯನಾಗಿ ಮೇಲಿನಿಂದ ಟಾರ್ಚ್ ಹಿಡಿಯಬೇಕು.

ಪಟ್ಟಿಯ ಹೊರ ಅಂಚನ್ನು ತಗ್ಗಿಸಬೇಕೆಂದು ನನ್ನ ಯೋಜನೆಯಲ್ಲಿತ್ತು. ಸೆಮಿನಾರ್ ಹಾಲ್ ಮಹಡಿಯ ಮೇಲಿದೆ, ಅಲ್ಲಿ ಪಟ್ಟಿಗಳು ಹಾಗೇ ಇರುತ್ತವೆ. ಮಕ್ಕಳು ಹಾಗೆ ಮಾಡಿದಾಗ ಬೀದಿಯವನಿಗೆ ಬೆಂಕಿಪೊಟ್ಟಣ ಕಾಣಲಿಲ್ಲ ನಿಜ, ಆದರೆ ಟಾರ್ಚಿನ ಬೆಳಕೂ ಪಟ್ಟಿಯ ಬೆನ್ನಿಗೆ ಬಡಿದು ಹೊರಗೇ ಉಳಿಯಿತು. “ಉಲ್ಟಾ ತಿರುಗಿಸೋಣ ಮಿಸ್” ಎಂದವನು ಹಿಂದಿನ ದಿನ ಬಾರ್ ವಿಷಯ ಎತ್ತಿದವನೇ. ಹೊರ ಅಂಚು ಮೇಲಕ್ಕೆ, ಒಳ ಅಂಚು ಕೆಳಕ್ಕೆ. ಈಗಲೂ ಬೀದಿಯ ಕಣ್ಣಿಗೆ ಪಟ್ಟಿಯ ಅಡಿಭಾಗವಷ್ಟೇ ಕಾಣುತ್ತಿತ್ತು. ಬೆಳಕು ಮಾತ್ರ ಪಟ್ಟಿಗಳ ನಡುವೆ ಜಾರಿ ಡಬ್ಬದ ನೆಲಕ್ಕೆ ಬಿತ್ತು. ಮಕ್ಕಳು ‘ಓ’ ಎಂದರು. ನಾನೂ ಮನಸ್ಸಿನಲ್ಲೇ ಎಂದೆ.

ಎಷ್ಟು ಓರೆ ಮಾಡಿದರೆ ಸಾಕು? ಪಟ್ಟಿಯ ಒಂದು ಅಂಚು ಇನ್ನೊಂದಕ್ಕಿಂತ 4 ಸೆಂ.ಮೀ. ಎತ್ತರವಾದಾಗ ಎರಡು ಪಟ್ಟಿಗಳ ನಡುವಿನ ಸಂದು ನೇರ ನೋಟಕ್ಕೆ ಪೂರ್ತಿ ಮುಚ್ಚುತ್ತದೆ. ಪಟ್ಟಿ 5, ಎತ್ತರ 4, ಹಾಗಾದರೆ ತಳ 3: ಪೈಥಾಗೊರಸ್ ತಾನಾಗಿ ಬಂದು ಕೂತ. ಕೋನಮಾಪಕ ಇಟ್ಟಾಗ ಸುಮಾರು 53 ಡಿಗ್ರಿ. ಮಧ್ಯಾಹ್ನ 12:20ಕ್ಕೆ ಅಂಗಳದಲ್ಲಿ 30 ಸೆಂ.ಮೀ. ಅಳತೆಪಟ್ಟಿ ನೆಟ್ಟಗೆ ನಿಲ್ಲಿಸಿದೆವು, ನೆರಳು 22 ಸೆಂ.ಮೀ. ಹತ್ತಿರ ಬಂತು. ಅದನ್ನು ಪುಸ್ತಕದಲ್ಲಿ ಬರೆದು ಅಳೆದರೆ ಸೂರ್ಯನ ಎತ್ತರ ಸುಮಾರು 54 ಡಿಗ್ರಿ. ಮೈಸೂರಿನ ಅಕ್ಷಾಂಶ 12.3 ಡಿಗ್ರಿ, ಡಿಸೆಂಬರ್ ನಡುಹಗಲಿಗೆ ಲೆಕ್ಕವೂ ಅದನ್ನೇ ಹೇಳುತ್ತದೆ. ಅಂದರೆ ದಕ್ಷಿಣದ ಕಿಟಕಿಯಲ್ಲಿ ಈ ತಿಂಗಳು ಆ ಓರೆಯಲ್ಲಿಟ್ಟ ಪಟ್ಟಿಗಳ ನಡುವೆ ನಡುಹಗಲ ಬಿಸಿಲು ಹೆಚ್ಚುಕಡಿಮೆ ಪೂರ್ತಿ ಒಳಬರುತ್ತದೆ, ಬೀದಿಯ ನೇರ ನೋಟ ಬರುವುದಿಲ್ಲ. ಜೂನಿನಲ್ಲಿ ಸೂರ್ಯ ನಡುಹಗಲಿಗೆ ಉತ್ತರಕ್ಕೆ ಸರಿದಿರುತ್ತಾನೆ, ಆಗ ಆ ಕಿಟಕಿಗೆ ಆಕಾಶದ ಚದುರಿದ ಬೆಳಕೇ ಗತಿ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದೆ.

ಒಬ್ಬ ಹುಡುಗಿಯ ಅಜ್ಜಿಯ ಪ್ರಶ್ನೆ ಮರುದಿನ ಶಾಲೆಗೆ ಬಂತು: ಹಗಲೇನೋ ಸರಿ, ರಾತ್ರಿ ದೀಪ ಹಾಕಿದರೆ? ಇದಕ್ಕಾಗಿ ಅರ್ಧ ಅವಧಿ ಕೊಟ್ಟೆ, ಕೊಟ್ಟಿದ್ದು ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ. ಹಗಲು ತೆಳು ಪರದೆಯ ಮೇಲೆ ಬಿದ್ದು ಚದುರುವ ಹೊರಗಿನ ಬೆಳಕು ಜೋರು, ಒಳಗಿನಿಂದ ಬರುವುದು ಮಂದ, ಆದ್ದರಿಂದ ಒಳಗಿನದು ಕಾಣದು. ದೀಪ ಹಾಕಿದೊಡನೆ ಅದು ತಿರುಗುಮುರುಗಾಗಿ ಅದೇ ಪರದೆ ಮೋಸ ಮಾಡುತ್ತದೆ. ಓರೆಪಟ್ಟಿ ಹಾಗಲ್ಲ. ಅದು ತಡೆಯುವುದು ನೋಟದ ದಾರಿಯನ್ನೇ, ಹಗಲಾದರೇನು ರಾತ್ರಿಯಾದರೇನು. ತರಗತಿಯ ಬಾಗಿಲು ಕಿಟಕಿ ಮುಚ್ಚಿ, ಡಬ್ಬದೊಳಗೆ ಟಾರ್ಚ್ ಇಟ್ಟು, ಎರಡನ್ನೂ ಹೋಲಿಸಿ ನೋಡಿದೆವು.

ಕೊನೆಯ ವಾರ ಆ ಹುಡುಗಿ ಊಟದ ಬಿಡುವಿನಲ್ಲಿ ಒಬ್ಬಳೇ ಸಿಕ್ಕಳು. ಟಿವಿ ಡಬ್ಬದ ರಟ್ಟಿನಿಂದ ಕಿಟಕಿ ಸರಳುಗಳ ಹಿಂದೆ ಪಟ್ಟಿ ಕಟ್ಟಿದ್ದಾಳಂತೆ. ಬಾರಿನ ಮುಂದೆ ನಿಂತವರಿಗೆ ಏನೂ ಕಾಣುವುದಿಲ್ಲ, ಅವಳ ತಂದೆಯೇ ಹೊರಗೆ ನಿಂತು ನೋಡಿದ್ದಾರೆ. “ಆದ್ರೆ ಎದುರುಗಡೆ ತಾರಸಿ ಮೇಲಿಂದ ನಮ್ಮನೆ ನೆಲ ಕಾಣುತ್ತೆ ಮಿಸ್. ಮೇಲಿನ ನಾಲ್ಕು ಪಟ್ಟಿ ಮಾತ್ರ ಬೇರೆ ಥರ ತಿರುಗಿಸ್ಲಾ?” ಎಂದಳು. ಚಪ್ಪಲಿ ಡಬ್ಬವನ್ನು ಅವಳ ಕೈಗೆ ಕೊಟ್ಟೆ. ಟಾರ್ಚ್ ನಾನು ಹಿಡಿದುಕೊಂಡೆ.