ಗಾಳಿಯಂತ್ರದ ರೆಕ್ಕೆಯನ್ನು ತಟ್ಟಿ ನೋಡುವುದು ಹೇಗೆ?

ಮಣ್ಣಿನ ಮಡಕೆ ಕೊಳ್ಳುವಾಗ ಅಮ್ಮಿ ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ. ಬಿರುಕು ಬಿಟ್ಟ ಮಡಕೆಯ ಸದ್ದು ಮಂದವಾಗಿರುತ್ತದೆ. ಚಿತ್ರದುರ್ಗ, ಗದಗ ಕಡೆ ಕಾಣುವ ಗಾಳಿಯಂತ್ರಗಳ ರೆಕ್ಕೆಗಳನ್ನೂ ಇದೇ ತತ್ತ್ವದಿಂದ ಪರೀಕ್ಷಿಸಬಹುದು. ನಾನು ವಾಣಿಜ್ಯ ವಿಭಾಗದವಳು. ವಿಜ್ಞಾನ ವಿಭಾಗದ ಗೆಳತಿಯ ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ರೆಕ್ಕೆಯನ್ನು ಸಾಮಾನ್ಯವಾಗಿ ಗ್ಲಾಸ್ ಫೈಬರ್ ಮತ್ತು ರೆಸಿನ್‌ನಿಂದ ಎರಡು ಚಿಪ್ಪುಗಳಾಗಿ ಮಾಡಿ ಅಂಟಿಸುತ್ತಾರೆ. ಇಂದಿನ ಅನೇಕ ರೆಕ್ಕೆಗಳು 50 ಮೀಟರಿಗಿಂತ ಉದ್ದ. ಗಾಳಿಗೆ ಲಕ್ಷಾಂತರ ಸಲ ಬಾಗಿ ಬಾಗಿ ಒಳಗೆ ಬಿರುಕು ಮೂಡಬಹುದು, ಅಂಟು ಬಿಡಬಹುದು. ಕೆಳಗೆ ನಿಂತವರಿಗೆ ಇದು ಕಾಣುವುದಿಲ್ಲ.

ಪ್ಲಾಸ್ಟಿಕ್ ಸ್ಕೇಲಿನ ಒಂದು ತುದಿಯನ್ನು ಮೇಜಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಮೀಟಿ ನೋಡಿ. ಅದು ತನ್ನದೇ ವೇಗದಲ್ಲಿ ಕಂಪಿಸುತ್ತದೆ. ಇದೇ ಅದರ ಸ್ವಾಭಾವಿಕ ಆವೃತ್ತಿ. ರೆಕ್ಕೆಯೂ ಹೀಗೆಯೇ ಒಂದು ತುದಿಯಲ್ಲಿ ಬಿಗಿದ ಪಟ್ಟಿ. ಬಿಗಿತ ಹೆಚ್ಚಿದರೆ ಆವೃತ್ತಿ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಇಳಿಯುತ್ತದೆ. ಬಿರುಕು ಬಿಟ್ಟರೆ ಬಿಗಿತ ಕಡಿಮೆಯಾಗುತ್ತದೆ.

ಒಂದು ಲೆಕ್ಕ ನೋಡೋಣ. ಆವೃತ್ತಿಯು ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಇಡೀ ರೆಕ್ಕೆಯ ಬಿಗಿತ ಶೇ. 10ರಷ್ಟು ಇಳಿದರೆ, 0.90ರ ವರ್ಗಮೂಲ ಸುಮಾರು 0.95. ನಿಮಿಷಕ್ಕೆ 60 ಸಲ ಕಂಪಿಸುತ್ತಿದ್ದದ್ದು 57ಕ್ಕೆ ಇಳಿಯುತ್ತದೆ. ಆದರೆ ಒಂದೇ ಜಾಗದ ಸಣ್ಣ ಬಿರುಕಿನಿಂದ ಆಗುವ ವ್ಯತ್ಯಾಸ ಇದಕ್ಕಿಂತ ಬಹಳ ಕಡಿಮೆ.

ಇಲ್ಲಿ ಸಿಮ್ಯುಲೇಷನ್ ನೆರವಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ರೆಕ್ಕೆಯನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ತೂಕ ಮತ್ತು ಬಿಗಿತ ಕೊಡುತ್ತಾರೆ. ಇದು ಫೈನೈಟ್ ಎಲಿಮೆಂಟ್ ವಿಧಾನ. ಮೊದಲು ಆರೋಗ್ಯವಂತ ರೆಕ್ಕೆಯ ಆವೃತ್ತಿಗಳನ್ನು ಲೆಕ್ಕ ಹಾಕುತ್ತಾರೆ. ನಂತರ ಬುಡದಲ್ಲಿ, ನಡುವಿನಲ್ಲಿ, ತುದಿಯಲ್ಲಿ ಒಂದೊಂದೇ ಕಡೆ ಬಿಗಿತ ತಗ್ಗಿಸಿ ಮತ್ತೆ ಲೆಕ್ಕ ಹಾಕುತ್ತಾರೆ. ಹೀಗೆ ಯಾವ ದೋಷಕ್ಕೆ ಯಾವ ಲಕ್ಷಣ ಎಂಬ ಪಟ್ಟಿ ಸಿಗುತ್ತದೆ. ನಿಜವಾದ ರೆಕ್ಕೆಗೆ ಅಳವಡಿಸಿದ ಸೆನ್ಸರ್‌ಗಳ ಅಳತೆಯನ್ನು ಈ ಪಟ್ಟಿಯೊಂದಿಗೆ ಹೋಲಿಸುತ್ತಾರೆ.

ತೊಡಕೂ ಇದೆ. ಉಷ್ಣತೆ, ತಿರುಗುವ ವೇಗ ಬದಲಾದರೂ ಆವೃತ್ತಿ ಬದಲಾಗುತ್ತದೆ. ಆದ್ದರಿಂದ ಒಂದೇ ಯಂತ್ರದ ಮೂರು ರೆಕ್ಕೆಗಳನ್ನು ಪರಸ್ಪರ ಹೋಲಿಸುವುದು ಉಪಯುಕ್ತ. ಒಂದು ಮಾತ್ರ ಬೇರೆಯಾಗಿದ್ದರೆ ಅನುಮಾನ ಪಡಬೇಕು.

ವಾಣಿಜ್ಯದ ಪ್ರಶ್ನೆ ಇಲ್ಲಿಂದ ಶುರು. ಸುಳ್ಳು ಎಚ್ಚರಿಕೆಗೆ ಯಂತ್ರ ನಿಲ್ಲಿಸಿದರೆ ಅಷ್ಟು ಹೊತ್ತು ಮಾರಲು ವಿದ್ಯುತ್ ಇರುವುದಿಲ್ಲ. ನಿಜವಾದ ಎಚ್ಚರಿಕೆಯನ್ನು ಕಡೆಗಣಿಸಿದರೆ ರೆಕ್ಕೆಯೇ ಮುರಿಯಬಹುದು. ಮೊದಲನೆಯದು ಒಂದು ದಿನದ ನಷ್ಟ, ಎರಡನೆಯದು ಬಂಡವಾಳದ ನಷ್ಟ. ಕೆಳಗಿನ ಹೊಲದಲ್ಲಿ ಕೆಲಸ ಮಾಡುವವರ ಜೀವ ಮಾತ್ರ ಯಾವ ಲೆಡ್ಜರಿನಲ್ಲೂ ಬರೆಯುವಂಥದ್ದಲ್ಲ. ಹಾಗಾಗಿ ಎಚ್ಚರಿಕೆಯ ಮಿತಿಯನ್ನು ಖರ್ಚು ನೋಡಿ ಮಾತ್ರ ನಿರ್ಧರಿಸಬಾರದು ಎಂದು ನನಗನಿಸುತ್ತದೆ.

ಕಂಪ್ಯೂಟರ್ ಯಾವ ರೆಕ್ಕೆಯನ್ನು ಮೊದಲು ನೋಡಬೇಕು ಎಂದು ಹೇಳಬಲ್ಲದು. ಹತ್ತಿರ ಹೋಗಿ ನೋಡುವ ಕೆಲಸ ಮನುಷ್ಯನದೇ. ಅಮ್ಮಿ ಕೂಡ ಸದ್ದಿನಲ್ಲಿ ಅನುಮಾನ ಬಂದರೆ ಮಡಕೆಗೆ ನೀರು ತುಂಬಿಸಿ ನೋಡುತ್ತಾರೆ.