ಕೊನೇ ಬಸ್ಸಿಗೆ ಮೊದಲೇ ಹೇಳಬೇಕಾದ ಮಾತು

ಉಪ್ಪಿನ ಸತ್ಯಾಗ್ರಹಕ್ಕೂ ಕರನಿರಾಕರಣೆಗೂ ಹೆಸರಾದ ತಾಲೂಕು ಅಂಕೋಲೆ. 1930ರ ದಶಕದಲ್ಲಿ ಆಸ್ತಿ ಜಪ್ತಿಯಾದರೂ ಇಲ್ಲಿನ ರೈತರು ಬ್ರಿಟಿಷ್ ಸರ್ಕಾರಕ್ಕೆ ‘ಕೊಡುವುದಿಲ್ಲ’ ಎಂದಿದ್ದರು. ಅದೇ ತಾಲೂಕಿನ ಇಂದಿನ ಹುಡುಗ ಹುಡುಗಿಯರು ಅಂಗಡಿ ಮಾಲಕರ ಎದುರು ‘ನನಗೆ ಬಸ್ಸಿದೆ’ ಎನ್ನಲು ಹಿಂದೆಮುಂದೆ ನೋಡುತ್ತಾರೆ.

ಅದಕ್ಕೆ ಕಾರಣವೂ ಇದೆ. ಬೆಂಗಳೂರಿನ ಕಂಪನಿಯಲ್ಲಿ ಮ್ಯಾನೇಜರ್ ಬರೀ ಮ್ಯಾನೇಜರ್. ರಾಮನಗುಳಿಯಂಥ ಹಳ್ಳಿಯಿಂದ ಅಂಕೋಲೆಗೋ ಯಲ್ಲಾಪುರಕ್ಕೋ ಕೆಲಸಕ್ಕೆ ಹೋಗುವವರ ಮಾಲಕರು ಅಪ್ಪನ ಪರಿಚಯದವರಾಗಿರುತ್ತಾರೆ, ಅಕ್ಕನ ಮದುವೆಗೆ ಕೈಗಡ ಕೊಟ್ಟವರಾಗಿರುತ್ತಾರೆ. ಅವರಿಗೆ ಎದುರಾಡಿದ ಸುದ್ದಿ ನಮಗಿಂತ ಮೊದಲು ಮನೆ ಮುಟ್ಟುತ್ತದೆ. ಹಾಗಾಗಿ ಎದೆಯುಬ್ಬಿಸಿ ಮಾತಾಡಿ ಎಂಬ ವ್ಯಕ್ತಿತ್ವ ವಿಕಸನ ಶಿಬಿರಗಳ ಉಪದೇಶ ಇಲ್ಲಿ ಅಷ್ಟಾಗಿ ನಡೆಯದು. ದನಿ ಏರಿಸದೆ, ಹೊತ್ತು ಮೀರುವ ಮೊದಲೇ, ಲೆಕ್ಕ ಇಟ್ಟುಕೊಂಡು ಹೇಳಿದ್ದು ನಡೆಯುತ್ತದೆ.

ಸೇರುವ ದಿನವೇ ಕೇಳಿ

ಸಂಬಳ ಎಷ್ಟು, ಯಾವ ತಾರೀಕಿಗೆ, ಕೆಲಸ ಎಷ್ಟರಿಂದ ಎಷ್ಟರವರೆಗೆ, ವಾರದ ರಜೆ ಯಾವತ್ತು. ಈ ನಾಲ್ಕನ್ನು ಮೊದಲ ದಿನ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಮೂರು ತಿಂಗಳ ಮೇಲೆ ಕೇಳಿದರೆ ತಕರಾರು ಎನ್ನಿಸಿಕೊಳ್ಳುತ್ತದೆ. ಅಂದು ಸಂಜೆಯೇ ಮಾಲಕರಿಗೆ ಒಂದು ವಾಟ್ಸಾಪ್ ಕಳಿಸಿ: “ಇವತ್ತು ಮಾತಾಡಿದ ಹಾಗೆ ಬೆಳಿಗ್ಗೆ 9ರಿಂದ ಕೆಲಸ, ಭಾನುವಾರ ರಜೆ, 5ನೇ ತಾರೀಕಿಗೆ ಸಂಬಳ. ಧನ್ಯವಾದ.” ಅವರು ‘ಅಡ್ಡಿಲ್ಲ’ ಎಂದು ಉತ್ತರಿಸಿದರೆ ನಿಮ್ಮ ಬಳಿ ದಾಖಲೆಯೊಂದು ಉಳಿಯಿತು. ನೇಮಕಾತಿ ಪತ್ರ ಕೊಡಬೇಕೆಂದು ಕಾನೂನೇ ಹೇಳುತ್ತದೆ, ಅದನ್ನೂ ಕೇಳಿ. ಸಿಗುವವರೆಗೆ ಈ ಮೆಸೇಜನ್ನು ಅಳಿಸಬೇಡಿ.

ಮಾತು ಕಟ್ಟುವ ಬಗೆ

ಮದುವೆ ದಿನಗಳ ಬಟ್ಟೆ ಅಂಗಡಿಯನ್ನೇ ತೆಗೆದುಕೊಳ್ಳಿ. ಸಂಜೆ ಐದೂವರೆಗೆ ದಿಬ್ಬಣದಷ್ಟು ಜನ ಬಂದು ಕೂತು ನಲವತ್ತು ಸೀರೆ ಬಿಡಿಸಿ ಹಾಕಿಸಿ, ಎರಡು ಕೊಂಡು ಎದ್ದು ಹೋಗುತ್ತಾರೆ. “ಎಲ್ಲ ಮಡಚಿಟ್ಟು ಹೋಗು” ಎಂದು ಗಲ್ಲೆಯಿಂದ ದನಿ ಬರುತ್ತದೆ. ಹುಡುಗಿ ‘ನೋಡ್ವ’ ಎಂದುಕೊಂಡು ಮಡಚತೊಡಗುತ್ತಾಳೆ. ಅತ್ತ ಬಸ್ಸು ಹೋಗುತ್ತದೆ. ಅಪ್ಪ ಬೈಕು ಹತ್ತಿ ಸುಂಕಸಾಳ, ಅಗಸೂರು ದಾಟಿ ಲಾರಿಗಳ ನಡುವೆ ಕತ್ತಲಲ್ಲಿ ಅಂಕೋಲೆಗೆ ಬರಬೇಕಾಗುತ್ತದೆ.

ಗಿರಾಕಿಗಳು ಕೂತಾಗಲೇ ಆಕೆ ಹೇಳಬಹುದಿತ್ತು: “ಶೆಟ್ಟರೆ, ನಾ ಐದೂಮುಕ್ಕಾಲಿಗೆ ಹೊರಡ್ಬೇಕು. ಎರಡು ಕಟ್ಟು ಮಡಚಿಟ್ಟು ಹೋಗ್ತೆ. ಉಳಿದದ್ದು ನಾಳೆ ಬಂದ ಕೂಡ್ಲೆ ಮಾಡ್ತೆ.” ಯಾವಾಗ ಹೋಗುತ್ತೇನೆ, ಈಗ ಎಷ್ಟು ಮಾಡುತ್ತೇನೆ, ಉಳಿದದ್ದು ಯಾವಾಗ ಎಂಬುದೆಲ್ಲ ಅದರಲ್ಲೇ ಇದೆ. ‘ತಪ್ಪು ತಿಳ್ಕೋಬೇಡಿ’ ಎಂಬ ಪೀಠಿಕೆ ಬೇಡ. ಅಮ್ಮನಿಗೆ ಹುಷಾರಿಲ್ಲ, ತಮ್ಮನಿಗೆ ಪರೀಕ್ಷೆ ಎಂದು ಕಾರಣ ಪೋಣಿಸುವುದೂ ಬೇಡ. ಒಂದೊಂದು ಕಾರಣಕ್ಕೂ ಒಂದೊಂದು ಪರಿಹಾರ ಹೇಳಿ ನಿಮ್ಮನ್ನು ಕೂರಿಸಿಬಿಡುತ್ತಾರೆ. ಅವರು ಸಿಡುಕಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ. ಮತ್ತೂ ಗದರಿದರೆ ಅಂದಿಗೆ ಬಿಟ್ಟುಬಿಡಿ, ಮರುದಿನ ಬೆಳಿಗ್ಗೆ ಗಿರಾಕಿಗಳಿಲ್ಲದಾಗ ಕೂತು ಮಾತಾಡಿ. ನಾಲ್ಕು ಜನರೆದುರು ಮಾಲಕರ ಮರ್ಯಾದೆ ತೆಗೆದರೆ ನ್ಯಾಯ ನಿಮ್ಮ ಕಡೆ ಇದ್ದರೂ ಕೆಲಸ ಕೆಡುತ್ತದೆ.

ಮಳೆಗಾಲದ ಮಾತು ಬೇರೆ. 2021ರ ಜುಲೈನಲ್ಲಿ ಗಂಗಾವಳಿ ನದಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಅಂಥ ದಿನ ‘ಬರಲಿಕ್ಕೆ ಆಗ್ಲಿಲ್ಲ’ ಎಂದು ಮರುದಿನ ಗೋಗರೆಯುವುದಕ್ಕಿಂತ, ಬೆಳಿಗ್ಗೆಯೇ ನೀರಿನ ಒಂದು ಫೋಟೊ ಸಮೇತ ತಿಳಿಸುವುದು ಮೇಲು.

ಕಾನೂನು ಏನನ್ನುತ್ತದೆ

ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜೆ. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಆ ಗಂಟೆಗಳಿಗೆ ಇಮ್ಮಡಿ ಕೂಲಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ರಾತ್ರಿ 8ರ ನಂತರ ಹೆಣ್ಣುಮಕ್ಕಳು ಅಂಗಡಿಯಲ್ಲಿ ದುಡಿಯಬೇಕೆಂದರೆ ಅವರ ಲಿಖಿತ ಒಪ್ಪಿಗೆಯೂ ಮನೆ ಮುಟ್ಟಿಸುವ ವಾಹನದ ಏರ್ಪಾಡೂ ಬೇಕು. ‘ನಾಳೆಯಿಂದ ಬರಬೇಡ’ ಎಂಬ ಬೆದರಿಕೆಗೆ ಬಹಳ ಜನ ಸುಮ್ಮನಾಗುತ್ತಾರೆ. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿ ಸಂಬಳ ಕೊಡದೆ ತೆಗೆಯುವಂತಿಲ್ಲ. ಇದನ್ನು ಮಾಲಕರ ಮುಖಕ್ಕೆ ಹಿಡಿಯಬೇಕಾಗಿಲ್ಲ. ನಿಮಗೆ ತಿಳಿದಿದ್ದರೆ ಮಾತು ತಾನಾಗಿಯೇ ಗಟ್ಟಿಯಾಗುತ್ತದೆ. ಬಂದ ಹೊತ್ತು, ಹೋದ ಹೊತ್ತನ್ನು ಕ್ಯಾಲೆಂಡರಿನ ಮನೆಯಲ್ಲಿ ದಿನವೂ ಬರೆದಿಡಿ.

ಒಂಟಿಯಾಗಿ ಹೇಳಲು ಅಳುಕಿದ್ದರೆ ಜೊತೆಯವರನ್ನು ಕೂಡಿಸಿಕೊಳ್ಳಿ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ತೆಗೆಯುವ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಂಗಡಿಯ ಮಟ್ಟಿಗೆ ಮೂವರು ಸೇರಿ ರಜೆಯ ಸರದಿ ಪಟ್ಟಿ ಬರೆದು ಒಯ್ದರೂ ಸಾಕು.

ಮಾತಿಗೆ ಬಗ್ಗದಿದ್ದರೆ

ಸಂಬಳ ತಡೆಹಿಡಿದರೆ ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಮೈಕೈ ಮುಟ್ಟುವುದು, ಅಸಭ್ಯ ಮಾತು, ರಾತ್ರಿ ಮೆಸೇಜು ಇವುಗಳಿಗೆ ಮೇಲೆ ಹೇಳಿದ ನಯ ವಿನಯ ಯಾವುದೂ ಬೇಕಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ದುಡಿಯುವ ಹೆಣ್ಣುಮಕ್ಕಳೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಹೊಣೆ. ಮಹಿಳಾ ಸಹಾಯವಾಣಿ 181. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ, ಅದಕ್ಕೆ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಎಲ್ಲಿಗೆ ಅರ್ಜಿ ಕೊಟ್ಟರೂ ಒಂದು ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.